ಸುಗಂಧ ತೈಲದ ಅಭ್ಯಂಗ: ಲಾಭವೇನು, ಎಚ್ಚರವೇನು?

ಮೈಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳುವುದು ಕನ್ನಡ ನಾಡಿನ ಮನೆಗಳಿಗೆ ಹೊಸದಲ್ಲ. ದೀಪಾವಳಿಯ ಹಿಂದಿನ ಸಂಜೆ ಹಂಡೆಗೆ ನೀರು ತುಂಬಿಡುವುದು, ಬೆಳಗಿನ ಜಾವ ಹಿರಿಯರು ಮಕ್ಕಳ ನೆತ್ತಿಗೆ ಎಣ್ಣೆ ಒತ್ತುವುದು, ಬಾಣಂತಿಗೂ ಕೂಸಿಗೂ ಎಣ್ಣೆ ನೀವಿ ನೀರು ಹಾಕುವುದು, ವಾರಕ್ಕೊಮ್ಮೆ ಸೀಗೆಪುಡಿಯಿಂದ ತಲೆ ತೊಳೆಯುವುದು ತಲೆಮಾರುಗಳಿಂದ ನಡೆದು ಬಂದಿದೆ. ಈಚಿನ ವರ್ಷಗಳಲ್ಲಿ ಈ ರೂಢಿಗೆ ಹೊಸದೊಂದು ಸೇರಿಕೊಂಡಿದೆ. ಲ್ಯಾವೆಂಡರ್, ನೀಲಗಿರಿ, ಪೆಪ್ಪರ್‌ಮಿಂಟ್, ನಿಂಬೆಹುಲ್ಲು, ಗುಲಾಬಿ ಮುಂತಾದ ಸುಗಂಧ ತೈಲಗಳ ಪುಟ್ಟ ಬಾಟಲಿಗಳು ಔಷಧಿ ಅಂಗಡಿಗಳಲ್ಲಿಯೂ ಆನ್‌ಲೈನ್ ಮಾರುಕಟ್ಟೆಯಲ್ಲಿಯೂ ಸುಲಭವಾಗಿ ಸಿಗುತ್ತಿವೆ. ಮಂಡಿನೋವಿನಿಂದ ಹಿಡಿದು ನಿದ್ದೆ ಬಾರದಿರುವುದರವರೆಗೆ ಎಲ್ಲಕ್ಕೂ ಇವು ಮದ್ದು ಎಂಬ ಮಾತೂ ಅವುಗಳ ಜೊತೆಯಲ್ಲೇ ಮನೆಗೆ ಬರುತ್ತಿದೆ.

ಈ ಮಾತಿನಲ್ಲಿ ಸತ್ಯವೂ ಇದೆ, ಅತಿಶಯವೂ ಇದೆ. ಸರಿಯಾಗಿ ಬಳಸಿದರೆ ಸುಗಂಧ ತೈಲದ ಅಭ್ಯಂಗ ದೇಹಕ್ಕೂ ಮನಸ್ಸಿಗೂ ಹಿತ ಕೊಡುತ್ತದೆ. ಪ್ರಮಾಣ ತಪ್ಪಿದರೆ ಅದೇ ತೈಲ ಚರ್ಮವನ್ನು ಸುಡಬಹುದು, ಚಿಕ್ಕ ಮಕ್ಕಳ ಜೀವಕ್ಕೇ ಅಪಾಯ ತರಬಹುದು. ಆದ್ದರಿಂದ ಅಜ್ಜಿಯ ಮಂಡಿಗೋ ಮಗುವಿನ ಎದೆಗೋ ಹಚ್ಚುವ ಮೊದಲು ಕೆಲವು ವಿಷಯಗಳನ್ನು ಮನೆಯವರೆಲ್ಲ ತಿಳಿದಿರುವುದು ಒಳ್ಳೆಯದು.

ಸುಗಂಧ ತೈಲ ಎಂದರೇನು?

ಹೆಸರಿನಲ್ಲಿ ತೈಲ ಎಂದಿದ್ದರೂ ಇದು ಎಳ್ಳೆಣ್ಣೆ, ಕೊಬ್ಬರಿ ಎಣ್ಣೆಗಳಂತಹ ಜಿಡ್ಡಿನ ಎಣ್ಣೆಯಲ್ಲ. ಎಳ್ಳು, ಕೊಬ್ಬರಿಗಳನ್ನು ಗಾಣದಲ್ಲಿ ಅರೆದು ಎಣ್ಣೆ ತೆಗೆಯುತ್ತಾರೆ. ಅದು ಬಟ್ಟೆಗೆ ಬಿದ್ದರೆ ಕಲೆ ಉಳಿಯುತ್ತದೆ, ಗಾಳಿಗೆ ಆರಿಹೋಗುವುದಿಲ್ಲ. ಸುಗಂಧ ತೈಲವನ್ನು ಸಸ್ಯದ ಹೂವು, ಎಲೆ, ತೊಗಟೆ, ಮರದ ಚೇಗು ಅಥವಾ ಬೇರಿನಿಂದ ಹೆಚ್ಚಾಗಿ ಹಬೆಯ ಮೂಲಕ ಭಟ್ಟಿ ಇಳಿಸಿ ಪಡೆಯುತ್ತಾರೆ. ಹಬೆಯೊಡನೆ ಮೇಲೇರಿದ ಪರಿಮಳದ ಅಂಶ ತಣಿದಾಗ ನೀರಿನಿಂದ ಬೇರ್ಪಡುತ್ತದೆ. ನಿಂಬೆ, ಕಿತ್ತಳೆಗಳ ತೈಲವನ್ನು ಮಾತ್ರ ಸಾಮಾನ್ಯವಾಗಿ ಸಿಪ್ಪೆಯನ್ನು ಹಿಂಡಿ ತೆಗೆಯಲಾಗುತ್ತದೆ.

ಒಂದು ಕಿಲೋ ಗುಲಾಬಿ ತೈಲ ಪಡೆಯಲು ಸುಮಾರು 3ರಿಂದ 5 ಸಾವಿರ ಕಿಲೋ ಹೂವಿನ ದಳ ಬೇಕಾಗುತ್ತದೆ. ಒಂದು ತೊಟ್ಟಿನಲ್ಲಿ ಎಷ್ಟು ಹೂವಿನ ಸತ್ವ ಅಡಗಿದೆ ಎಂದು ಇದರಿಂದ ಊಹಿಸಬಹುದು. ಹೀಗಾಗಿ ಸುಗಂಧ ತೈಲವನ್ನು ತೊಟ್ಟುಗಳಲ್ಲಿ ಎಣಿಸಬೇಕೇ ಹೊರತು ಅಂಗೈಗೆ ಸುರಿದುಕೊಳ್ಳುವಂತಿಲ್ಲ. ಅದನ್ನು ಯಾವಾಗಲೂ ಒಂದು ಜಿಡ್ಡಿನ ಎಣ್ಣೆಯಲ್ಲಿ ಬೆರೆಸಿಯೇ ಹಚ್ಚಬೇಕು. ಈ ಜಿಡ್ಡಿನ ಎಣ್ಣೆಯನ್ನು ಮೂಲ ಎಣ್ಣೆ ಎಂದು ಕರೆಯಬಹುದು.

ಬೆಳೆದು ಬಂದ ದಾರಿ

ಆಯುರ್ವೇದದಲ್ಲಿ ಅಭ್ಯಂಗ ದಿನಚರಿಯ ಒಂದು ಭಾಗ. ವಾಗ್ಭಟನ ಅಷ್ಟಾಂಗ ಹೃದಯವು ತಲೆ, ಕಿವಿ ಮತ್ತು ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದು ಹೇಳುತ್ತದೆ. ಕಫದ ತೊಂದರೆ ಇರುವವರು, ಅಜೀರ್ಣವಾದವರು ಹಾಗೂ ಶೋಧನ ಚಿಕಿತ್ಸೆ ಆಗಷ್ಟೇ ಮಾಡಿಸಿಕೊಂಡವರು ಅಭ್ಯಂಗ ಮಾಡಬಾರದೆಂದೂ ಅದೇ ಗ್ರಂಥ ಎಚ್ಚರಿಸುತ್ತದೆ. ಎಣ್ಣೆ ಎಲ್ಲರಿಗೂ ಎಲ್ಲ ಕಾಲಕ್ಕೂ ಅಲ್ಲ ಎಂಬ ವಿವೇಕ ಅಂದೇ ಇತ್ತು.

ಪಶ್ಚಿಮದಲ್ಲಿ ‘ಅರೋಮಾಥೆರಪಿ’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಫ್ರಾನ್ಸಿನ ರಸಾಯನ ತಜ್ಞ ರೆನೆ ಮೊರಿಸ್ ಗಾಟ್‌ಫೋಸೆ ಅವರಿಂದ. ಪ್ರಯೋಗಾಲಯದಲ್ಲಿ ಸಂಭವಿಸಿದ ಸ್ಫೋಟದಲ್ಲಿ ಕೈ ಸುಟ್ಟುಕೊಂಡಿದ್ದ ಅವರು ಲ್ಯಾವೆಂಡರ್ ತೈಲದ ಗುಣಗಳ ಬಗ್ಗೆ ಆಸಕ್ತಿ ತಾಳಿದರು. ಅವರ ಪುಸ್ತಕ 1937ರಲ್ಲಿ ಪ್ರಕಟವಾಯಿತು. ಮುಂದೆ ಮಾರ್ಗರೆಟ್ ಮೋರಿ ಅವರು ಈ ತೈಲಗಳನ್ನು ಮೂಲ ಎಣ್ಣೆಯಲ್ಲಿ ಬೆರೆಸಿ ಮಸಾಜ್‌ಗೆ ಬಳಸುವ ಕ್ರಮವನ್ನು ಬೆಳೆಸಿದರು. ಇಂದು ಸ್ಪಾಗಳಲ್ಲಿ ಕಾಣುವ ಪದ್ಧತಿ ಹೆಚ್ಚಾಗಿ ಆ ದಾರಿಯಿಂದ ಬಂದದ್ದು.

ಸುಗಂಧ ತೈಲದ ಉದ್ಯಮದಲ್ಲಿ ಕರ್ನಾಟಕಕ್ಕೂ ದೊಡ್ಡ ಪಾಲಿದೆ. ಮೊದಲನೆಯ ಮಹಾಯುದ್ಧದಿಂದಾಗಿ ಮೈಸೂರು ಸಂಸ್ಥಾನದ ಶ್ರೀಗಂಧದ ಮರ ಯೂರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916–17ರ ಸುಮಾರಿಗೆ ಇಲ್ಲಿಯೇ ಗಂಧದೆಣ್ಣೆ ತೆಗೆಯುವ ಕಾರ್ಖಾನೆ ಆರಂಭವಾಯಿತು. ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಆ ಎಣ್ಣೆಯಿಂದಲೇ. ಪೂಜೆಗೆ, ಮಾಲೆಗೆ ಬಳಸುವ ದವನ, ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಹಾಕುವ ಲಾವಂಚ ಇವುಗಳಿಂದಲೂ ಬೆಲೆಬಾಳುವ ಸುಗಂಧ ತೈಲ ದೊರೆಯುತ್ತದೆ.

ಲಾಭ ಎಲ್ಲಿಂದ ಬರುತ್ತದೆ?

ಸುಗಂಧ ತೈಲದ ಅಭ್ಯಂಗದಲ್ಲಿ ಮೂರು ಸಂಗತಿಗಳು ಒಟ್ಟಿಗೆ ಕೆಲಸ ಮಾಡುತ್ತವೆ: ನೀವುವ ಕೈ, ಮೂಲ ಎಣ್ಣೆ ಮತ್ತು ಪರಿಮಳ.

ಮೊದಲನೆಯದು ಕೈ. ನಿಧಾನವಾದ, ಹದವಾದ ಒತ್ತಡದಿಂದ ಬಿಗಿದ ಸ್ನಾಯುಗಳು ಸಡಿಲಗೊಳ್ಳುತ್ತವೆ, ಆ ಭಾಗದ ಚರ್ಮ ಬೆಚ್ಚಗಾಗುತ್ತದೆ, ಉಸಿರು ನಿಧಾನವಾಗುತ್ತದೆ. ಬೆನ್ನು, ಕತ್ತು ಮತ್ತು ಮಂಡಿಯ ನೋವಿಗೆ ಮಸಾಜ್ ತಾತ್ಕಾಲಿಕ ಉಪಶಮನ ಕೊಡುತ್ತದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಒಂಟಿತನದಲ್ಲಿರುವ ಹಿರಿಯರಿಗೆ ಮಗನೋ ಸೊಸೆಯೋ ಮೊಮ್ಮಗಳೋ ಹತ್ತು ನಿಮಿಷ ಕುಳಿತು ಕಾಲು ನೀವುವುದೇ ಒಂದು ಸಮಾಧಾನ. ಜೈನ ಪರಂಪರೆಯಲ್ಲಿ ವೃದ್ಧರ, ರೋಗಿಗಳ ಸೇವೆಯನ್ನು ವೈಯಾವೃತ್ಯವೆಂದು ಕರೆದು ಅಂತರಂಗ ತಪಸ್ಸುಗಳ ಸಾಲಿನಲ್ಲಿ ಇಟ್ಟಿರುವುದನ್ನು ಇಲ್ಲಿ ನೆನೆಯಬಹುದು.

ಎರಡನೆಯದು ಮೂಲ ಎಣ್ಣೆ. ವಯಸ್ಸಾದಂತೆ ಚರ್ಮ ಒಣಗಿ ತುರಿಕೆ ಹೆಚ್ಚುತ್ತದೆ. ಚಳಿಗಾಲದಲ್ಲಿ ಅಂಗಾಲು ಒಡೆಯುತ್ತದೆ. ಕೊಬ್ಬರಿ ಎಣ್ಣೆಯಂತಹ ಜಿಡ್ಡಿನ ಎಣ್ಣೆ ಚರ್ಮದ ತೇವ ಆರದಂತೆ ತಡೆಯುತ್ತದೆ. ಈ ಲಾಭಕ್ಕೆ ಸುಗಂಧ ತೈಲ ಬೇಕೇ ಬೇಕೆಂದಿಲ್ಲ.

ಮೂರನೆಯದು ಪರಿಮಳ. ಮೂಗಿನ ಮೇಲ್ಭಾಗದ ನರತಂತುಗಳು ವಾಸನೆಯ ಸಂದೇಶವನ್ನು ಮಿದುಳಿನಲ್ಲಿ ಭಾವನೆ ಮತ್ತು ನೆನಪುಗಳಿಗೆ ಸಂಬಂಧಿಸಿದ ಭಾಗಗಳಿಗೆ ಬಹುಬೇಗ ತಲುಪಿಸುತ್ತವೆ. ಗಂಧದ ಅಥವಾ ಮಲ್ಲಿಗೆಯ ಪರಿಮಳ ಬಂದೊಡನೆ ಬಸದಿಯೋ ತವರುಮನೆಯೋ ನೆನಪಾಗಿ ಮನಸ್ಸು ತಿಳಿಯಾಗುವುದು ಇದೇ ಕಾರಣಕ್ಕೆ. ಆತಂಕವನ್ನು ತಗ್ಗಿಸುವಲ್ಲಿ, ನಿದ್ದೆಗೆ ಅನುವು ಮಾಡಿಕೊಡುವಲ್ಲಿ ಪರಿಮಳ ನೆರವಾಗುತ್ತದೆ ಎಂದು ಹಲವು ಸಣ್ಣ ಅಧ್ಯಯನಗಳು ತೋರಿಸಿವೆ. ಆದರೆ ಸುಗಂಧವಿಲ್ಲದ ಎಣ್ಣೆಯ ಮಸಾಜ್‌ಗಿಂತ ಸುಗಂಧ ತೈಲದ ಮಸಾಜ್ ಬಹಳ ಹೆಚ್ಚು ಫಲ ಕೊಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇನ್ನೂ ಸಾಲದು. ಸಂಧಿವಾತ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್ ಇವುಗಳನ್ನು ಯಾವ ಸುಗಂಧ ತೈಲವೂ ಗುಣಪಡಿಸುವುದಿಲ್ಲ. ಎಣ್ಣೆ ಹಚ್ಚಿದರೆ ಸಾಕೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸುವುದು ದೊಡ್ಡ ತಪ್ಪು.

ಯಾವ ತೈಲ ಯಾವುದಕ್ಕೆ?

ಲ್ಯಾವೆಂಡರ್: ಮನೆಬಳಕೆಗೆ ಹೆಚ್ಚು ಸೌಮ್ಯವಾದದ್ದು. ರಾತ್ರಿ ಮಲಗುವ ಮುನ್ನ ಪಾದ, ಭುಜಗಳಿಗೆ ಹಚ್ಚಿ ನೀವಿದರೆ ಮನಸ್ಸಿಗೆ ವಿಶ್ರಾಂತಿ ಸಿಗುತ್ತದೆ.

ಪೆಪ್ಪರ್‌ಮಿಂಟ್: ಇದರಲ್ಲಿರುವ ಮೆಂಥಾಲ್ ಚರ್ಮದಲ್ಲಿ ತಂಪನ್ನು ಗುರುತಿಸುವ ನರಗಳನ್ನು ಪ್ರಚೋದಿಸುತ್ತದೆ. ಚರ್ಮ ನಿಜವಾಗಿ ತಣ್ಣಗಾಗದಿದ್ದರೂ ತಂಪೆನಿಸಿ ನೋವು ಹಿಂದೆ ಸರಿಯುತ್ತದೆ. ದಣಿದ ಕಾಲುಗಳಿಗೆ, ತಲೆನೋವಿನಲ್ಲಿ ಕಣತಲೆಗೆ ಬಳಸುತ್ತಾರೆ. ಕಣ್ಣಿನ ಹತ್ತಿರ ಹೋಗದಂತೆ ನೋಡಿಕೊಳ್ಳಬೇಕು.

ನೀಲಗಿರಿ ತೈಲ: ಇದರ ಮುಖ್ಯ ಅಂಶ ಸಿನಿಯೋಲ್. ದೊಡ್ಡವರಿಗೆ ಶೀತವಾದಾಗ ಮೂಗು ತೆರೆದಂತಹ ಅನುಭವ ಕೊಡುತ್ತದೆ. ಮೈಕೈ ನೋವಿಗೂ ಹಚ್ಚುತ್ತಾರೆ. ಮಕ್ಕಳಿಗೆ ಮತ್ತು ಅಪಸ್ಮಾರ ಇರುವವರಿಗೆ ಇದು ಬೇಡ.

ನಿಂಬೆಹುಲ್ಲು: ಮಜ್ಜಿಗೆ ಹುಲ್ಲೆಂದೂ ಹೆಸರು. ಇದರಲ್ಲಿ ಸಿಟ್ರಾಲ್ ಅಂಶ ಬಹಳ ಇರುವುದರಿಂದ ಉಲ್ಲಾಸದ ಪರಿಮಳವಿದೆ. ಅದೇ ಅಂಶ ಸೂಕ್ಷ್ಮ ಚರ್ಮಕ್ಕೆ ಉರಿ ತರುತ್ತದೆ. ಬಹಳ ಕಡಿಮೆ ಬಳಸಬೇಕು.

ಲವಂಗ ತೈಲ: ಯೂಜಿನಾಲ್ ಎಂಬ ಅಂಶದಿಂದ ಹಚ್ಚಿದ ಜಾಗವನ್ನು ಮರಗಟ್ಟಿಸುವ ಗುಣವಿದೆ. ತುಂಬಾ ಖಾರವಾದದ್ದರಿಂದ ಇಡೀ ಮೈಗೆ ಹಚ್ಚಲು ತಕ್ಕದ್ದಲ್ಲ.

ವಿಂಟರ್‌ಗ್ರೀನ್: ಊಟಿಗೆ ಪ್ರವಾಸ ಹೋದವರು ನೋವಿನ ಎಣ್ಣೆಯೆಂದು ತರುವ ಬಾಟಲಿಗಳಲ್ಲಿ ಇದೂ ಒಂದು. ಇದು ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್, ಅಂದರೆ ಆಸ್ಪಿರಿನ್ ಕುಟುಂಬದ ರಾಸಾಯನಿಕ. ಒಂದು ಟೀ ಚಮಚದಷ್ಟು ಹೊಟ್ಟೆಗೆ ಹೋದರೆ ಸುಮಾರು 7 ಗ್ರಾಂ ಆಸ್ಪಿರಿನ್ ನುಂಗಿದಂತೆ, ಎಂದರೆ 325 ಮಿಲಿಗ್ರಾಮಿನ ಇಪ್ಪತ್ತಕ್ಕೂ ಹೆಚ್ಚು ಮಾತ್ರೆಗಳಿಗೆ ಸಮ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಇದನ್ನು ಮೈಗೆ ಹಚ್ಚುವುದೂ ಸುರಕ್ಷಿತವಲ್ಲ.

ನಿಂಬೆ ಮತ್ತು ಬರ್ಗಮಾಟ್: ಸಿಪ್ಪೆ ಹಿಂಡಿ ತೆಗೆದ ಈ ತೈಲಗಳನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು.

ಬೆರೆಸುವ ಪ್ರಮಾಣ

ಸುಮಾರು 20 ತೊಟ್ಟು ಸೇರಿದರೆ ಒಂದು ಮಿಲಿಲೀಟರ್ ಆಗುತ್ತದೆ. ಈ ಲೆಕ್ಕವಿಟ್ಟುಕೊಂಡರೆ ಪ್ರಮಾಣ ಸುಲಭ.

ಆರೋಗ್ಯವಂತ ವಯಸ್ಕರಿಗೆ 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚ ಮೂಲ ಎಣ್ಣೆಗೆ ಹೆಚ್ಚೆಂದರೆ 12 ತೊಟ್ಟು. ಇದು ನೂರಕ್ಕೆ ಎರಡು ಪಾಲು.

ವೃದ್ಧರಿಗೆ, ಸೂಕ್ಷ್ಮ ಚರ್ಮದವರಿಗೆ ಅದೇ 30 ಮಿಲಿಲೀಟರ್‌ಗೆ 6 ತೊಟ್ಟು ಸಾಕು. ಇದು ನೂರಕ್ಕೆ ಒಂದು ಪಾಲು.

ಮುಖಕ್ಕೆ ಹಚ್ಚುವುದಾದರೆ 3 ತೊಟ್ಟು ಮೀರಬಾರದು.

ಎರಡು ಮೂರು ತೈಲ ಸೇರಿಸಿದರೆ ಎಲ್ಲದರ ತೊಟ್ಟುಗಳನ್ನೂ ಕೂಡಿಸಿಯೇ ಈ ಲೆಕ್ಕ ಹಿಡಿಯಬೇಕು. ಹೆಚ್ಚು ತೊಟ್ಟು ಹಾಕಿದರೆ ಹೆಚ್ಚು ಗುಣ ಎಂಬುದು ತಪ್ಪು ತಿಳಿವಳಿಕೆ.

ಮೂಲ ಎಣ್ಣೆಯಾಗಿ ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ, ಬಾದಾಮಿ ಎಣ್ಣೆ ಯಾವುದಾದರೂ ಆಗಬಹುದು. ಚಳಿಗಾಲಕ್ಕೆ ಎಳ್ಳೆಣ್ಣೆ, ಸೆಕೆಗಾಲಕ್ಕೆ ಕೊಬ್ಬರಿ ಎಣ್ಣೆ ಎಂಬ ಮನೆಯ ರೂಢಿಯನ್ನೇ ಮುಂದುವರಿಸಬಹುದು. ಹೊಸ ತೈಲವನ್ನು ಮೊದಲ ಬಾರಿ ಬಳಸುವಾಗ ಬೆರೆಸಿದ ಎಣ್ಣೆಯ ಒಂದು ತೊಟ್ಟನ್ನು ಮೊಣಕೈಯ ಒಳಭಾಗಕ್ಕೆ ಹಚ್ಚಿ 24 ಗಂಟೆ ಕಾಯಬೇಕು. ಕೆಂಪು, ತುರಿಕೆ, ಉರಿ ಕಂಡರೆ ಆ ತೈಲ ಬೇಡ.

ಮನೆಯಲ್ಲಿ ಹಚ್ಚುವ ಕ್ರಮ

ಮೂಲ ಎಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಿಕೊಳ್ಳಬೇಕು. ಬಟ್ಟಲನ್ನು ಹೊರತೆಗೆದ ಮೇಲೆ ಸುಗಂಧ ತೈಲದ ತೊಟ್ಟು ಹಾಕಬೇಕು. ಸುಗಂಧ ತೈಲ ಬೇಗ ಆವಿಯಾಗುತ್ತದೆ, ಬೆಂಕಿಯನ್ನೂ ಹಿಡಿಯುತ್ತದೆ. ಅದನ್ನು ಒಲೆಯ ಮೇಲೆ ಕಾಯಿಸಬಾರದು.

ಹಚ್ಚುವವರು ಉಂಗುರ, ಬಳೆ ತೆಗೆದಿಟ್ಟು, ತಮ್ಮ ಮುಂಗೈ ಮೇಲೆ ಬಿಸಿ ನೋಡಿಕೊಳ್ಳಬೇಕು. ಕೈಕಾಲುಗಳನ್ನು ಬೆರಳ ಕಡೆಯಿಂದ ಮೇಲಕ್ಕೆ ಉದ್ದವಾಗಿ, ಕೀಲುಗಳ ಸುತ್ತ ವೃತ್ತಾಕಾರವಾಗಿ, ಹೊಟ್ಟೆಯನ್ನು ಗಡಿಯಾರದ ಮುಳ್ಳು ತಿರುಗುವಂತೆ ಹಗುರವಾಗಿ ನೀವಬೇಕು. ಬೆನ್ನುಮೂಳೆಯ ಮೇಲೆ ನೇರವಾಗಿ ಒತ್ತಬಾರದು, ಅದರ ಎರಡೂ ಪಕ್ಕದಲ್ಲಿ ಒತ್ತಬೇಕು. ನೀವಿಸಿಕೊಳ್ಳುವವರು ನೋವೆಂದರೆ ಅಲ್ಲಿಗೆ ನಿಲ್ಲಿಸಬೇಕು. ಊಟವಾದ ಕೂಡಲೇ ಬೇಡ. ಇಪ್ಪತ್ತು ಮೂವತ್ತು ನಿಮಿಷವಾದ ಮೇಲೆ ಹದವಾದ ಬಿಸಿನೀರಿನಲ್ಲಿ, ಕಡಲೆಹಿಟ್ಟು ಅಥವಾ ಹೆಸರಹಿಟ್ಟು ಬಳಸಿ ಸ್ನಾನ ಮಾಡಬಹುದು.

ಇಲ್ಲಿ ಹಲವರು ಮರೆಯುವ ಸಂಗತಿಯೊಂದಿದೆ. ಎಣ್ಣೆ ಹಚ್ಚಿದ ಪಾದ ಬಚ್ಚಲಿನ ನೆಲದ ಮೇಲೆ ಜಾರುತ್ತದೆ. ವಯಸ್ಸಾದವರು ಹೀಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾಗುತ್ತದೆ. ಬಚ್ಚಲಿಗೆ ಹೋಗುವ ಮೊದಲು ಅಂಗಾಲನ್ನು ಬಟ್ಟೆಯಿಂದ ಒರೆಸಬೇಕು, ಕುಳಿತೇ ಸ್ನಾನ ಮಾಡಲು ಸ್ಟೂಲ್ ಇಡಬೇಕು, ಒಬ್ಬರು ಜೊತೆಗಿರಬೇಕು.

ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ

ಎರಡು ವರ್ಷದೊಳಗಿನ ಮಗುವಿಗೆ ಯಾವ ಸುಗಂಧ ತೈಲವೂ ಬೇಡ. ಕೂಸಿಗೆ ಶುದ್ಧ ಕೊಬ್ಬರಿ ಎಣ್ಣೆ ಧಾರಾಳವಾಗಿ ಸಾಕು. ನೆಗಡಿಯಾದಾಗ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆಗೆ, ಮೂಗಿನ ಬಳಿಗೆ ಹಚ್ಚುವ ರೂಢಿ ಅನೇಕ ಮನೆಗಳಲ್ಲಿದೆ. ಕರ್ಪೂರ ಮತ್ತು ನೀಲಗಿರಿ ತೈಲಗಳು ಎಳೆಯ ಮಕ್ಕಳ ಉಸಿರಾಟವನ್ನು ಕೆಡಿಸಬಲ್ಲವು, ಫಿಟ್ಸ್ ತರಬಲ್ಲವು. ಪ್ರೀತಿಯಿಂದ ಮಾಡುವ ಈ ಮದ್ದನ್ನು ನಿಲ್ಲಿಸುವುದೇ ಮಗುವಿಗೆ ಕ್ಷೇಮ. ಕರ್ಪೂರ ಮತ್ತು ನೀಲಗಿರಿ ಬೆರೆತ ಮುಲಾಮು, ಎಣ್ಣೆಗಳಿಂದ ದೊಡ್ಡವರಲ್ಲಿಯೂ ಫಿಟ್ಸ್ ಬಂದಿರುವುದನ್ನು ಬೆಂಗಳೂರಿನ ನರರೋಗ ತಜ್ಞರು ವರದಿ ಮಾಡಿದ್ದಾರೆ.

ಬಾಟಲಿಯನ್ನು ಮಕ್ಕಳ ಕೈಗೆಟುಕದಂತೆ ಮೇಲೆ ಬೀಗ ಹಾಕಿ ಇಡಬೇಕು. ದೇವರ ಮನೆಯ ಕರ್ಪೂರದ ಡಬ್ಬಿಗೂ ಇದೇ ಮಾತು. ಮಗು ನುಂಗಿದ ಅನುಮಾನ ಬಂದರೆ ವಾಂತಿ ಮಾಡಿಸಬಾರದು, ಬಾಟಲಿಯನ್ನೂ ತೆಗೆದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆದು ವೈದ್ಯರನ್ನು ಕಾಣಬೇಕು.

ಯಾರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು?

ಗರ್ಭಿಣಿಯರು, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ.

ಆಸ್ತಮಾ ಇರುವವರು. ಗಾಢ ವಾಸನೆಯಿಂದಲೇ ಉಬ್ಬಸ ಕೆರಳಬಹುದು.

ಅಪಸ್ಮಾರ ಇರುವವರು. ಕರ್ಪೂರ, ನೀಲಗಿರಿ, ರೋಸ್‌ಮೇರಿ ತೈಲಗಳನ್ನು ದೂರವಿಡಬೇಕು.

ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವವರು. ಪಾದದ ಸ್ಪರ್ಶಜ್ಞಾನ ಕುಗ್ಗಿದ್ದರೆ ಎಣ್ಣೆಯ ಬಿಸಿಯಾಗಲಿ ಉರಿಯಾಗಲಿ ಗೊತ್ತಾಗುವುದಿಲ್ಲ. ಬಿಸಿಯನ್ನು ಬೇರೆಯವರೇ ನೋಡಬೇಕು.

ಒಂದೇ ಕಾಲು ಊದಿ, ಕೆಂಪಾಗಿ, ನೋಯುತ್ತಿರುವವರು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ನೀವುವುದರಿಂದ ಅದು ಶ್ವಾಸಕೋಶಕ್ಕೆ ಸಾಗಿ ಪ್ರಾಣಾಪಾಯವಾಗಬಹುದು. ಇಂತಹ ಕಾಲನ್ನು ನೀವದೆ ಆಸ್ಪತ್ರೆಗೆ ತೋರಿಸಬೇಕು.

ಜ್ವರ, ಗಾಯ, ಚರ್ಮದ ಸೋಂಕು, ಮೂಳೆ ಮುರಿತ ಇರುವಾಗಲೂ ಅಭ್ಯಂಗ ಸಲ್ಲದು.

ಅಹಿಂಸೆಯ ದೃಷ್ಟಿಯಿಂದ

ಸುಗಂಧ ತೈಲಗಳೆಲ್ಲ ಸಸ್ಯಮೂಲದವು. ಆದರೆ ಸುಗಂಧ ದ್ರವ್ಯಗಳಲ್ಲಿ ಪ್ರಾಣಿಮೂಲದವೂ ಇವೆ. ಕಸ್ತೂರಿ ಕಸ್ತೂರಿಮೃಗದ ಗ್ರಂಥಿಯಿಂದ, ಪುನುಗು ಪುನುಗಿನ ಬೆಕ್ಕಿನಿಂದ, ಅಂಬರ್‌ಗ್ರಿಸ್ ತಿಮಿಂಗಿಲದಿಂದ ಬರುತ್ತವೆ. ಕಸ್ತೂರಿಮೃಗಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಇಂದು ಮಾರುವ ಅಗ್ಗದ ‘ಕಸ್ತೂರಿ’ ಪರಿಮಳ ಹೆಚ್ಚಾಗಿ ಕೃತಕ. ಮಸಾಜ್ ಮುಲಾಮುಗಳಲ್ಲಿ ಜೇನುಮೇಣ, ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ ಇರುವುದುಂಟು. ಚೀಟಿಯನ್ನು ಓದಿ ಕೊಳ್ಳುವುದು ಲೇಸು. ಲಾವಂಚ, ಶುಂಠಿಗಳ ತೈಲ ನೆಲದಡಿಯ ಭಾಗದಿಂದ ಬರುತ್ತದೆ ಎಂಬುದನ್ನು ಕಂದಮೂಲ ತ್ಯಜಿಸಿದವರು ತಿಳಿದಿದ್ದು, ತಮ್ಮ ವ್ರತಕ್ಕೆ ತಕ್ಕಂತೆ ನಿರ್ಧರಿಸಬಹುದು.

ಔಷಧಕ್ಕಾಗಿಯೂ ಜೀವಹಿಂಸೆ ಬೇಡ ಎಂಬ ನಿಲುವು ಈ ನಾಡಿನಲ್ಲಿ ಹಳೆಯದು. ರಾಷ್ಟ್ರಕೂಟರ ಕಾಲದ ಜೈನ ವೈದ್ಯಾಚಾರ್ಯ ಉಗ್ರಾದಿತ್ಯರು ತಮ್ಮ ಕಲ್ಯಾಣಕಾರಕದಲ್ಲಿ ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ನಿರೂಪಿಸಿದರು. ಹಾಗೆಯೇ ಉಪವಾಸದ ದಿನ ಸ್ನಾನ, ಗಂಧ, ಪುಷ್ಪ, ಅಲಂಕಾರಗಳನ್ನು ಬಿಡಬೇಕೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ತಿಳಿಸುತ್ತದೆ. ಪರ್ವದಿನ ಉಪವಾಸವಿರುವವರು ಸುಗಂಧ ತೈಲದ ಅಭ್ಯಂಗವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಬಹುದು. ಅಂದು ದೇಹ ದಣಿದಿರುವುದರಿಂದ ಆರೋಗ್ಯದ ದೃಷ್ಟಿಯಿಂದಲೂ ಅದು ಸರಿ.

ಕೊಳ್ಳುವಾಗ, ಇಡುವಾಗ

ಬಾಟಲಿಯ ಮೇಲೆ ಸಸ್ಯದ ವೈಜ್ಞಾನಿಕ ಹೆಸರು, ತಯಾರಿಸಿದ ದಿನಾಂಕ ಇರಬೇಕು. ‘ಫ್ರಾಗ್ರೆನ್ಸ್ ಆಯಿಲ್’ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಕೃತಕ ಸುಗಂಧ, ಮೈಗೆ ಹಚ್ಚಲು ಅಲ್ಲ. ಶ್ರೀಗಂಧ, ಗುಲಾಬಿ, ಮಲ್ಲಿಗೆಯ ಅಸಲಿ ತೈಲಗಳು ಬಹಳ ದುಬಾರಿ. ನಿಂಬೆಹುಲ್ಲಿನ ತೈಲದ ಬೆಲೆಗೇ ಶ್ರೀಗಂಧದ ತೈಲವೂ ಸಿಗುತ್ತಿದ್ದರೆ ಅದರಲ್ಲಿ ಶ್ರೀಗಂಧ ಇರಲಾರದು. ಗಾಢ ಬಣ್ಣದ ಗಾಜಿನ ಬಾಟಲಿಯಲ್ಲಿ, ಮುಚ್ಚಳ ಬಿಗಿಯಾಗಿ ಹಾಕಿ, ತಂಪಾದ ಕತ್ತಲೆಯ ಜಾಗದಲ್ಲಿ ಇಡಬೇಕು. ಹಳೆಯದಾದ ತೈಲ ಗಾಳಿಗೆ ಕೆಟ್ಟು ಅಲರ್ಜಿ ತರುವ ಸಂಭವ ಹೆಚ್ಚು. ನಿಂಬೆ, ಕಿತ್ತಳೆ ಜಾತಿಯ ತೈಲಗಳನ್ನು ಬಾಟಲಿ ತೆರೆದ ಒಂದು ವರ್ಷದೊಳಗೆ ಮುಗಿಸಬೇಕು.

ಸುಗಂಧ ತೈಲವಿಲ್ಲದಿದ್ದರೂ ಅಭ್ಯಂಗದ ಬಹುಪಾಲು ಲಾಭ ಸಿಕ್ಕೇ ಸಿಗುತ್ತದೆ. ಬೆಚ್ಚಗಿನ ಎಳ್ಳೆಣ್ಣೆ, ಆತುರವಿಲ್ಲದ ಕೈ, ಅರ್ಧ ಗಂಟೆಯ ಬಿಡುವು ಇದ್ದರೆ ಸಾಕು. ಅದಕ್ಕೆ ನಾಲ್ಕಾರು ತೊಟ್ಟು ಪರಿಮಳ ಸೇರಿದರೆ ಹಿತ ಇನ್ನಷ್ಟು ಹೆಚ್ಚುತ್ತದೆ. ತೊಟ್ಟುಗಳನ್ನು ಎಣಿಸಿ ಹಾಕಿ, ಬಾಟಲಿಯನ್ನು ಮಕ್ಕಳಿಂದ ದೂರವಿಟ್ಟು, ವೈದ್ಯರ ಮಾತನ್ನು ಮೀರದೆ ನಡೆದರೆ ಮನೆಯ ಹಿರಿಯರಿಗೂ ಕಿರಿಯರಿಗೂ ಇದರಿಂದ ಒಳಿತೇ ಆಗುತ್ತದೆ.